ಒಂದ್ಸಲ ಬರೆದುಕೊಟ್ಟಿದ್ದನ್ನು ಮತ್ತೆ ಕೇಳಬೇಡಿ

ಇವರಿಗೆ:
ಆಡಳಿತ ಮತ್ತು ಅಭಿವೃದ್ಧಿ ವಿಭಾಗದ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಹಾವೇರಿ ಜಿಲ್ಲೆ
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಹಾವೇರಿ

ಮಾನ್ಯರೇ, ನಮಸ್ಕಾರ.

ನಾನು ನಿವೃತ್ತ ಮುಖ್ಯೋಪಾಧ್ಯಾಯಿನಿ. 1988ರಲ್ಲಿ ಕೆಲಸಕ್ಕೆ ಸೇರಿದಾಗ ಹಾವೇರಿ, ಗದಗ ಎಲ್ಲ ಸೇರಿ ಒಂದೇ ಧಾರವಾಡ ಜಿಲ್ಲೆ. 1997ರಲ್ಲಿ ಅದು ಮೂರಾಯಿತು. ಇವತ್ತು ಮೂರು ಜಿಲ್ಲೆ ಅನ್ನುವ ಮೂರೂ ಕಡೆ ನಾನು ಪಾಠ ಮಾಡಿದ್ದೇನೆ. 2022ರಲ್ಲಿ ನಿವೃತ್ತಿಯಾದೆ. ಮುಂದೆ ಬರೆಯುವ ಸಂಗತಿಗಳು ಯಾವ ಊರಿನವು, ಯಾವ ಶಾಲೆಯವು ಅಂತ ಹೇಳುವುದಿಲ್ಲ. ಯಾರನ್ನೋ ಸಿಕ್ಕಿಸುವುದಕ್ಕೆ ಈ ಪತ್ರ ಬರೆಯುತ್ತಿಲ್ಲ.

ಪ್ರತಿ ವರ್ಷ, ಶಾಲೆಗಳಿಗೆ ಕೇಂದ್ರ, ರಾಜ್ಯ ಸೇರಿ ಹಣ ಕೊಡುವ ಸಮಗ್ರ ಶಿಕ್ಷಣದ ವಾರ್ಷಿಕ ಯೋಜನೆಗೆ ಜಿಲ್ಲೆಯಿಂದ ಬೇಡಿಕೆ ಪಟ್ಟಿ ಹೋಗುತ್ತದೆ. ಅದರಲ್ಲಿ ಕಂಪ್ಯೂಟರ್, ಸ್ಮಾರ್ಟ್ ಕ್ಲಾಸ್, ಟ್ಯಾಬ್ ಇವೆಲ್ಲ ಇರುತ್ತವೆ. ಆ ಪಟ್ಟಿ ಬರೆಯುವ ಮೊದಲು ನನ್ನ ಮಾತನ್ನೂ ಸ್ವಲ್ಪ ಕೇಳಿ. ಕೇಳುವುದು ಒಂದೇ ವಿಷಯ. ಶಾಲೆಯಿಂದ ಒಂದು ಸಲ ಮೇಲೆ ಹೋದ ಮಾಹಿತಿಯನ್ನು ಮತ್ತೆ ಕೇಳಬೇಡಿ. ಮೇಲೆ ಹೋಗಿದ್ದು ಮಗುವಿಗೆ ನೆರವಾಗಿ ಕೆಳಗೆ ಬರುವ ಹಾಗೆ ಮಾಡಿ.

ಮುಖ್ಯ ಗುರುಗಳ ಒಂದು ದಿನ ಹೇಗಿರುತ್ತದೆ ಹೇಳುತ್ತೇನೆ. ಪ್ರಾರ್ಥನೆ ಮುಗಿದ ತಕ್ಷಣ ಅಕ್ಷರ ದಾಸೋಹದ ಸಂಖ್ಯೆ. ಹಾಲು ಕುಡಿದವರು ಎಷ್ಟು, ಊಟ ಮಾಡುವವರು ಎಷ್ಟು, ಮೊಟ್ಟೆ ಎಷ್ಟು, ಮೊಟ್ಟೆ ಬೇಡ ಅಂದು ಬಾಳೆಹಣ್ಣು ತೆಗೆದುಕೊಳ್ಳುವವರು ಎಷ್ಟು. ಇದು ಸರಿ. ಊಟದ ಲೆಕ್ಕ ದಿನವೂ ಬೇಕು. ಮಧ್ಯಾಹ್ನದ ಹೊತ್ತಿಗೆ, ಅಕ್ಕಪಕ್ಕದ ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಿಆರ್‌ಪಿ ಅವರ ವಾಟ್ಸಾಪ್ ಬರುತ್ತದೆ. 'ಅತಿ ಜರೂರು, ಇಂದು ಸಂಜೆ 4ರೊಳಗೆ.' ತರಗತಿವಾರು, ಜಾತಿವಾರು ಗಂಡು-ಹೆಣ್ಣು ಮಕ್ಕಳ ಸಂಖ್ಯೆ ಬೇಕಂತೆ. ಅದು ರಾಜ್ಯದ ವಿದ್ಯಾರ್ಥಿ ಮಾಹಿತಿ ಪೋರ್ಟಲ್ ಸ್ಯಾಟ್ಸ್‌ನಲ್ಲಿ ಇದೆ. ಕೇಂದ್ರದ ಶಾಲಾ ಮಾಹಿತಿ ಪೋರ್ಟಲ್ ಯು-ಡೈಸ್‌ನಲ್ಲೂ ಇದೆ. ಹೋದ ತಿಂಗಳು ಬೇರೆ ನಮೂನೆಯಲ್ಲಿ ಕೊಟ್ಟಿದ್ದೂ ಇದೆ. ಮರುದಿನ ಶೌಚಾಲಯ ಎಷ್ಟು, ಅದರಲ್ಲಿ ನಲ್ಲಿ ಎಷ್ಟು. ಆಮೇಲೆ ಮಕ್ಕಳ ಶೂ ಅಳತೆ. ಆಮೇಲೆ ಪಠ್ಯಪುಸ್ತಕದ ಬೇಡಿಕೆ. ಪಾಪ, ಸಿಆರ್‌ಪಿ ಅವರದೂ ತಪ್ಪಿಲ್ಲ. ಅವರನ್ನು ತಾಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಕೇಳುತ್ತದೆ, ಆ ಕಚೇರಿಯನ್ನು ಇನ್ನೊಂದು ಕಚೇರಿ ಕೇಳುತ್ತದೆ. ಎಲ್ಲರ ಕೈಯಲ್ಲೂ ಲಾಗಿನ್ ಇದೆ. ತೆಗೆದು ನೋಡುವ ವ್ಯವಧಾನ ಯಾರಿಗೂ ಇಲ್ಲ. ಫೋನ್ ಮಾಡಿ ಕೇಳುವುದೇ ಸುಲಭ, ಅಲ್ವಾ?

29ರಿಂದ ಶುರುವಾಗುವ ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ ನನಗೆ ಈಗಲೂ ಬಾಯಿಪಾಠ. ಅಷ್ಟು ಸಲ ಬರೆದಿದ್ದೇನೆ.

ಇದರಲ್ಲಿ ಕಳೆದುಹೋಗುವುದು ಪಾಠದ ಹೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ಈ ನಮೂನೆ ತುಂಬುವ ಕೆಲಸ ಶಿಕ್ಷಣದ್ದೇ ಅಂತ ವಾದ ಮಾಡಬಹುದು. ಮಾಡಲಿ. ಮೂರನೇ ತರಗತಿಯ ಮಕ್ಕಳು ಆ ಹೊತ್ತಿನಲ್ಲಿ ಸುಮ್ನೆ ಮಗ್ಗಿ ಕೂಗುತ್ತಾ ಕೂತಿರುತ್ತಾರೆ. ನನಗೆ ಅಷ್ಟು ಗೊತ್ತು.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ದೊಡ್ಡ ಅಧಿಕಾರಿಗಳಿಗೆ ಇದು ಸಣ್ಣದಾಗಿ ಕಾಣಬಹುದು. ನಮ್ಮಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಸೇರಿಯೇ ಹೆಸರು. ಶಿರಹಟ್ಟಿ ಫಕೀರೇಶ್ವರರಿಗೆ ನಡೆದುಕೊಳ್ಳುವ ಮನೆಗಳಲ್ಲಿ ಫಕ್ಕೀರಪ್ಪ, ಫಕ್ಕೀರವ್ವ ಅನ್ನುವ ಹೆಸರು ಎಷ್ಟೊಂದು. ಕನ್ನಡದಲ್ಲಿ ಬರೆದರೆ ಗೊಂದಲ ಕಡಿಮೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಎಫ್ ಹಾಕುತ್ತಾರೆ, ಒಬ್ಬರು ಪಿ ಹಾಕುತ್ತಾರೆ, ಇನ್ನೊಬ್ಬರು ಪಿ ಆದ ಮೇಲೆ ಎಚ್ ಸೇರಿಸುತ್ತಾರೆ. ಲಕ್ಷ್ಮವ್ವ ಬರೆಯಲು ಒಬ್ಬರಿಗೆ ಎಕ್ಸ್ ಬೇಕು, ಇನ್ನೊಬ್ಬರಿಗೆ ಕೆ, ಎಸ್, ಎಚ್ ಮೂರೂ ಬೇಕು. ಆಧಾರ್‌ನಲ್ಲಿ ಅಪ್ಪನ ಹೆಸರು ಒಂದೇ ಅಕ್ಷರಕ್ಕೆ ಇಳಿದಿರುತ್ತದೆ. ಶಾಲೆಯ ಜನರಲ್ ರಜಿಸ್ಟರಿನಲ್ಲಿ ಪೂರ್ತಿ ಇರುತ್ತದೆ. ಜಾತಿ ಪ್ರಮಾಣಪತ್ರದಲ್ಲಿ ಮೂರನೇ ಥರ.

ನಮ್ಮ ಶಾಲೆಯ ಒಬ್ಬ ಹುಡುಗಿ ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಪಾಸಾದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಕೇಂದ್ರದ ವಿದ್ಯಾರ್ಥಿವೇತನ. ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಅವಳ ಅವ್ವ ಕೂಲಿಗೆ ಹೋಗುವವಳು. ರಾತ್ರಿ ಕೂಡ್ರಿಸಿಕೊಂಡು ಪಾಠ ಹೇಳಿದ್ದೆವು. ಪಾಸಾದ ದಿನ ಶಾಲೆಯಲ್ಲಿ ಪೇಢಾ ಹಂಚಿದೆವು. ಆಮೇಲೆ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಹೋದರೆ ಪರೀಕ್ಷೆಯ ಪಟ್ಟಿಯಲ್ಲಿರುವ ಹೆಸರಿಗೂ ಆಧಾರ್‌ಗೂ ತಾಳೆ ಇಲ್ಲ. ಆಧಾರ್ ತಿದ್ದಿಸಲು ತಾಲೂಕಿಗೆ ಎರಡು ಸಲ ಓಡಾಡಿದರು. ಎರಡು ದಿನದ ಕೂಲಿ ಹೋಯಿತು. ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಆಗಿರಲಿಲ್ಲ, ಅದಕ್ಕೆ ಇನ್ನೊಂದು ದಿನ. ಎಲ್ಲ ಆಗುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. ಹಣ ಬರಲಿಲ್ಲ. 'ಪೇಢೆ ತಿಂದಿದ್ದಷ್ಟ ಬಂತ ನೋಡ್ರಿ ಬಾಯಾರ' ಅಂದಳು ಅವ್ವ. ನಕ್ಕೇ ಹೇಳಿದಳು.

ಇದಕ್ಕೆ ಹೊಸ ಆ್ಯಪ್ ಬೇಡ. ಆರನೇ ತರಗತಿಯಲ್ಲೇ ಪ್ರತಿ ಮಗುವಿನ ಹೆಸರನ್ನು ನಾಲ್ಕು ಕಡೆ ತಾಳೆ ನೋಡುವ ಒಂದು ದಿನ ಬೇಕು: ರಜಿಸ್ಟರ್, ಸ್ಯಾಟ್ಸ್, ಆಧಾರ್, ಬ್ಯಾಂಕ್ ಪಾಸ್‌ಬುಕ್. ಆ ದಿನ ಆಧಾರ್ ಕಿಟ್ ಹಿಡಿದವರು ಶಾಲೆಗೇ ಬರಲಿ. ನಾಡಕಚೇರಿಯವರೂ, ಅಂಚೆ ಕಚೇರಿಯವರೂ ಬರಲಿ. ಹೇಗೂ 5 ವರ್ಷ ತುಂಬಿದಾಗ ಒಂದು ಸಲ, 15 ವರ್ಷ ತುಂಬಿದಾಗ ಇನ್ನೊಂದು ಸಲ ಮಕ್ಕಳ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಲೇಬೇಕು. ಅದನ್ನೂ ಅಲ್ಲೇ ಮುಗಿಸಬಹುದು. ಜಿಲ್ಲಾ ಪಂಚಾಯಿತಿ ಮನಸ್ಸು ಮಾಡಿದರೆ ಈ ಎಲ್ಲ ಇಲಾಖೆಯವರನ್ನು ಒಂದು ಜಮಖಾನೆ ಮೇಲೆ ಕೂಡ್ರಿಸುವುದು ಕಷ್ಟವೇನಲ್ಲ. ಮುಖ್ಯ ಗುರು ಒಬ್ಬಳಿಂದ ಅದು ಆಗುವುದಿಲ್ಲ.

ಇನ್ನೊಂದು ತೊಡಕು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹಳೆಯ ಪಟ್ಟಿಗಳೆಲ್ಲ 'ನುಡಿ' ಎಂಬ ಟೈಪಿಂಗ್ ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಆಗಿವೆ. ಅದನ್ನು ಹಾಗೇ ವೆಬ್‌ಸೈಟಿಗೆ ಹಾಕಿದರೆ ಅಕ್ಷರ ಹೋಗಿ ಕಸ ಬರುತ್ತದೆ. ಹುಡುಕಿದರೆ ಸಿಗುವುದಿಲ್ಲ. ಮತ್ತೆ ಕೂತು ಟೈಪ್ ಮಾಡಬೇಕು. ಮತ್ತೆ ಮಾಡುವಾಗ ಮತ್ತೆ ತಪ್ಪು. ಜಿಲ್ಲೆಯ ಪ್ರತಿ ಕಚೇರಿಯೂ ಎಲ್ಲ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು ಅಂತ ನೀವು ಒಂದು ಸುತ್ತೋಲೆ ಹೊರಡಿಸಿ, ಅದನ್ನು ನಿಜವಾಗಿ ಪಾಲಿಸಿದರೆ ಅರ್ಧ ಕೆಲಸ ಆದಂತೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಭಾಗದ ಶಾಲೆಗಳಲ್ಲಿ ಮರಾಠಿ ನಡೆಯುತ್ತಿತ್ತು. ಕನ್ನಡ ಮಕ್ಕಳಿಗೆ ಕನ್ನಡ ಶಾಲೆ ಬೇಕು ಅಂತ ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. ಅವರೂ ಶಿಕ್ಷಣ ಇಲಾಖೆಯ ಅಧಿಕಾರಿಯೇ, ನಿಮ್ಮ ಹಾಗೆ. ಕನ್ನಡ ಕಸವಾಗಿ ಕಾಣುವ ಈಗಿನ ಪರದೆ ನೋಡಿದರೆ ಅವರು ಏನು ಅನ್ನುತ್ತಿದ್ದರೋ.

ಕಂಪ್ಯೂಟರ್ ಕೊಠಡಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನಿಮಗೇ ಗೊತ್ತಿದೆ. 2001ರ ಸುಮಾರಿಗೆ ಶಾಲೆಗೆ ಕಂಪ್ಯೂಟರ್ ಕೊಡುವ ಮಾಹಿತಿ ಸಿಂಧು ಯೋಜನೆ ಬಂತು. ಆಮೇಲೆ ಐಸಿಟಿ (ಕಂಪ್ಯೂಟರ್ ಶಿಕ್ಷಣ) ಯೋಜನೆಯ ಹಂತ ಒಂದು, ಎರಡು, ಮೂರು. ಆಮೇಲೆ ತಂತ್ರಜ್ಞಾನ ನೆರವಿನ ಕಲಿಕೆಯ ಯೋಜನೆ ಟಿಎಎಲ್‌ಪಿ. ಪ್ರತಿ ಸಲವೂ ಯಂತ್ರ ಬಂತು, ಗುತ್ತಿಗೆ ಇರುವವರೆಗೆ ಕಲಿಸುವವರು ಇದ್ದರು, ಗುತ್ತಿಗೆ ಮುಗಿಯಿತು, ಅವರು ಹೋದರು. ನನಗೆ ಗೊತ್ತಿರುವ ಒಂದು ಪ್ರೌಢಶಾಲೆಯಲ್ಲಿ ಯಂತ್ರಗಳಿಗೆ ಹಳೇ ಸೀರೆ ಹೊದಿಸಿ ಇಟ್ಟಿದ್ದರು. ಖಂಡೇಪೂಜೆ (ಆಯುಧಪೂಜೆ) ಮಾತ್ರ ಒಂದು ವರ್ಷವೂ ತಪ್ಪಿಲ್ಲ.

ಸಮಗ್ರ ಶಿಕ್ಷಣದಲ್ಲಿ ಒಂದು ಐಸಿಟಿ ಲ್ಯಾಬಿಗೆ ಮೊದಲಿಗೆ 6.40 ಲಕ್ಷದವರೆಗೆ, ಆಮೇಲೆ ವರ್ಷಕ್ಕೆ 2.40 ಲಕ್ಷದವರೆಗೆ, ಹೀಗೆ ಐದು ವರ್ಷ ಹಣ ಸಿಗುತ್ತದೆ. ಆರನೇ ವರ್ಷ? ಯುಪಿಎಸ್ ಬ್ಯಾಟರಿ ಅಷ್ಟು ವರ್ಷ ಬಾಳುವುದೇ ಇಲ್ಲ. ಕರೆಂಟ್ ನಮ್ಮ ಹಳ್ಳಿಗಳಲ್ಲಿ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ನಿಮ್ಮ ಯೋಜನೆಯಲ್ಲಿ ಹೊಸ ಯಂತ್ರದ ಸಾಲು ಬರೆಯುವಾಗ ಅದರ ಕೆಳಗೇ ಬ್ಯಾಟರಿಯ ಸಾಲು, ರಿಪೇರಿಯ ಸಾಲು ಬರೆಯಿರಿ. ತಾಲೂಕಿಗೆ ಒಬ್ಬ ಹುಡುಗ ಸಾಕು. ಐಟಿಐಯೋ ಡಿಪ್ಲೊಮಾನೋ ಓದಿದವನು, ಒಂದು ಬೈಕು, ಒಂದು ಚೀಲದಲ್ಲಿ ಕೀಬೋರ್ಡು, ಕೇಬಲ್ಲು, ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್. ಎಂಟು ತಾಲೂಕಿಗೆ ಎಂಟು ಜನ. ನೂರು ಹೊಸ ಟ್ಯಾಬ್‌ಗಿಂತ ಈ ಎಂಟು ಜನರಿಂದ ನಮಗೆ ಜಾಸ್ತಿ ಅನುಕೂಲ.

ಇಂಥ ಆಸರೆ ಇಲ್ಲದೇ ಏನಾಗುತ್ತಿದೆ ನೋಡಿ. ನೆಟ್‌ವರ್ಕ್ ಸಿಗದ ಶಾಲೆಯ ಗುರುಗಳು ಶನಿವಾರ ಮಧ್ಯಾಹ್ನ ಪಟ್ಟಣದ ಇಂಟರ್‌ನೆಟ್ ಸೆಂಟರಿಗೆ ಹೋಗುತ್ತಾರೆ. ಶಾಲೆಯ ಲಾಗಿನ್, ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಆ ಹುಡುಗ ತುಂಬುತ್ತಾನೆ. ಅವನ ಬಳಿ ಎಷ್ಟೋ ಶಾಲೆಗಳ ಚೀಟಿ ಇರುತ್ತದೆ. ನಾನೂ ಕೊಟ್ಟಿದ್ದೇನೆ, ಸುಳ್ಳು ಹೇಳುವುದಿಲ್ಲ. ನನ್ನ ಸ್ವಂತ ದುಡ್ಡು ಹೋಗಿದ್ದು ಬಿಡಿ. ಮಕ್ಕಳ ಜಾತಿ, ಆಧಾರ್, ತಂದೆಯ ಫೋನ್ ನಂಬರ್ ಎಲ್ಲ ಅಲ್ಲಿ ಉಳಿಯಿತು. ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಆಧಾರ್ ಕಾರ್ಡಿನ ಫೋಟೊ ತಿರುಗಾಡುವುದು ನೀವೂ ನೋಡಿರುತ್ತೀರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಸರ್ಕಾರಿ ಕೆಲಸಕ್ಕೆ ಕೆಲವು ವಿನಾಯಿತಿ ಇವೆ. ಇದ್ದರೂ ಮಗುವಿನ ಆಧಾರ್ ನಾಲ್ಕು ಗುಂಪಿನಲ್ಲಿ ತಿರುಗಬೇಕು ಅಂತ ಯಾವ ಕಾಯ್ದೆಯೂ ಹೇಳಿಲ್ಲ.

ಈಗ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿರುವ ಹುಡುಗನ ಕಥೆ.

ಮೂರನೇ ತರಗತಿಯಲ್ಲಿದ್ದ. ಕರೆದರೆ ತಲೆಯನ್ನು ಸ್ವಲ್ಪ ಓರೆ ಮಾಡಿ ಬಲಗಿವಿ ಕೊಡುತ್ತಿದ್ದ. ಮೊದಲು ಚೇಷ್ಟೆ ಅಂದುಕೊಂಡೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಬಂದಾಗ ತೋರಿಸಿದೆ. ಇದು 2013ರಲ್ಲಿ ಶುರುವಾದದ್ದು, ವರ್ಷಕ್ಕೊಮ್ಮೆ ಶಾಲೆಗೆ ತಂಡ ಬರುತ್ತದೆ. ಅವರು ಬರೆದುಕೊಟ್ಟರು. ಹುಬ್ಬಳ್ಳಿಗೆ ಕಳಿಸಿ ಪರೀಕ್ಷೆ ಮಾಡಿಸಿದೆವು. ಎಡಗಿವಿ ಕೇಳುವುದೇ ಇಲ್ಲ. ಬಲಗಿವಿ ಚೆನ್ನಾಗಿದೆ. ಮಾಡಬೇಕಾಗಿದ್ದು ಇಷ್ಟೇ: ಮುಂದಿನ ಸಾಲಿನ ಎಡತುದಿಗೆ ಕೂಡ್ರಿಸುವುದು. ಆಗ ಬಲಗಿವಿ ಪಾಠದ ಕಡೆ ಇರುತ್ತದೆ. ಎಂಟನೇ ತರಗತಿವರೆಗೆ ಅವನ ಜಾಗ ಅದೇ. ಲೆಕ್ಕದಲ್ಲಿ ಚುರುಕಾದ.

ಆಮೇಲೆ ಪ್ರೌಢಶಾಲೆಗೆ ಹೋದ. ನಾನೇ ದಾಖಲೆ, ಅಂದರೆ ವರ್ಗಾವಣೆ ಪತ್ರ ಬರೆದುಕೊಟ್ಟೆ. ಅದರಲ್ಲಿ ಹೆಸರು ಇತ್ತು, ಜಾತಿ ಇತ್ತು, ಹುಟ್ಟಿದ ದಿನ ಅಂಕಿಯಲ್ಲೂ ಅಕ್ಷರದಲ್ಲೂ ಇತ್ತು. 'ನಡತೆ: ಉತ್ತಮ' ಅಂತಲೂ ಇತ್ತು. ಎಡಗಿವಿ ಕೇಳುವುದಿಲ್ಲ ಅಂತ ಬರೆಯಲು ಜಾಗ ಇರಲಿಲ್ಲ. ವೈದ್ಯರ ಕಾರ್ಡು ನಮ್ಮ ಶಾಲೆಯ ಕಪಾಟಿನಲ್ಲೇ ಉಳಿಯಿತು. ಅರ್ಧ ವರ್ಷ ಕಳೆದ ಮೇಲೆ ಅವನ ತಾಯಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. 'ಎಲ್ಲದರಾಗೂ ಫೇಲ್ ಆಗ್ಯಾನ್ರಿ. ಲಕ್ಷ್ಯ ಇಲ್ಲ ಅಂತಾರ್ರಿ ಸರ್‌ಗೋಳು.' ಎತ್ತರ ಬೆಳೆದಿದ್ದ ಹುಡುಗ. ಹಿಂದಿನ ಬೆಂಚಿಗೆ ಹಾಕಿದ್ದರು. ಬಲತುದಿಗೆ, ಗೋಡೆಯ ಪಕ್ಕ.

ಆ ಶಾಲೆಯವರನ್ನು ಬೈಯುವುದಿಲ್ಲ. ನಾನು ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಆ ವಾರ ಯಾವುದೋ ಜರೂರು ನಮೂನೆ ತುಂಬುತ್ತಿದ್ದೆ.

ಅದಕ್ಕೇ ಕೇಳುವುದು, ಮಗುವಿನ ಜೊತೆ ಹೋಗುವ ಒಂದು ಪುಟ ಮಾಡಿ. ಒಂದೇ ಪುಟ. ಕಣ್ಣು, ಕಿವಿ ಹೇಗಿವೆ. ಎಲ್ಲಿ ಕೂಡ್ರಿಸಿದರೆ ಒಳ್ಳೆಯದು. ಮನೆಯಲ್ಲಿ ಯಾವ ಮಾತು: ತಾಂಡಾದ ಮಗುವಿಗೆ ಲಂಬಾಣಿ, ಇನ್ನೊಬ್ಬರಿಗೆ ಉರ್ದು. ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹೋಗಿದೆ, ಎಲ್ಲಿ ನಿಂತಿದೆ. ಮನೆಯವರು ಇಲ್ಲದಾಗ ಯಾರಿಗೆ ಫೋನ್ ಮಾಡಬೇಕು. ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ತಾಲೂಕಿನ ಬಿಐಇಆರ್‌ಟಿ ಶಿಕ್ಷಕರು ಮಗುವನ್ನು ನೋಡಿದ್ದರೆ ಅವರ ಎರಡು ಸಾಲು. ಇದನ್ನು ತರಗತಿಯ ಗುರುಗಳು ನೋಡಲಿ, ಮುಖ್ಯ ಗುರುಗಳು ನೋಡಲಿ. ಬೇರೆಯವರಿಗೆ ಬೇಡ. ಮಗು ಮೊದಲು ಹೇಗೆ ತುಂಟತನ ಮಾಡಿತ್ತು, ಅಪ್ಪ ಕುಡಿಯುತ್ತಾನೋ ಇಲ್ಲವೋ, ಇವೆಲ್ಲ ಅಲ್ಲಿ ಬರಕೂಡದು. ಹೊಸ ಶಾಲೆಯಲ್ಲಿ ಮಗುವಿಗೆ ಹೊಸದಾಗಿ ಶುರು ಮಾಡುವ ಹಕ್ಕಿದೆ. ಸ್ಯಾಟ್ಸ್ ರಾಜ್ಯದ್ದು, ಯು-ಡೈಸ್ ಕೇಂದ್ರದ್ದು, ಜಿಲ್ಲೆಯಿಂದ ಅವನ್ನು ಬದಲಿಸಲು ಆಗುವುದಿಲ್ಲ ಅಂತ ನೀವು ಹೇಳಬಹುದು. ಸರಿ. ಸ್ಯಾಟ್ಸ್ ಸಂಖ್ಯೆ ಮೇಲೆ ಬರೆದ ಒಂದು ಹಾಳೆಯನ್ನು ದಾಖಲೆಗೆ ಪಿನ್ ಮಾಡಲು ಬೆಂಗಳೂರಿನ ಅನುಮತಿ ಬೇಕೇ? ಮೊದಲು ಕಾಗದದಲ್ಲೇ ಮಾಡಿ ನೋಡಿ. ಎಲ್ಲಿ ಎಡವುತ್ತದೆ ಅಂತ ತಿಳಿದ ಮೇಲೆ ಕಂಪ್ಯೂಟರಿಗೆ ಹಾಕಿ.

ಗುಳೆ ಹೋಗುವ ಮನೆಗಳಿಗೆ ಈ ಹಾಳೆ ಇನ್ನೂ ಜಾಸ್ತಿ ಬೇಕು. ಗದಗ ಕಡೆಯ ತಾಂಡಾಗಳಿಂದ ಗೋವಾಕ್ಕೆ, ಮಂಗಳೂರಿಗೆ ಹೋಗುತ್ತಾರೆ. ಮಕ್ಕಳೂ ಹೋಗುತ್ತಾರೆ. ಗೋವಾದಲ್ಲಿ ನಮ್ಮ ಸ್ಯಾಟ್ಸ್ ಇಲ್ಲ. ಇಲ್ಲಿ ಮಗು ಯು-ಡೈಸ್‌ನ ಡ್ರಾಪ್‌ಬಾಕ್ಸಿಗೆ, ಅಂದರೆ ಯಾವ ಶಾಲೆಯಲ್ಲೂ ಇಲ್ಲದವರ ಪಟ್ಟಿಗೆ ಬೀಳುತ್ತದೆ. ವರ್ಗಾವಣೆ ಪತ್ರ ತಡವಾಯಿತು ಅಂತ ಪ್ರವೇಶ ನಿಲ್ಲಿಸಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ಆದರೆ ಅದನ್ನು ಬಾಯಿಬಿಟ್ಟು ಕೇಳಲು ಆ ತಂದೆತಾಯಿಗೆ ಗೊತ್ತಿರಬೇಕಲ್ಲ. ಹಾಳೆಯ ಹಿಂಬದಿಗೆ ಆ ಒಂದು ಸಾಲನ್ನು ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ ಅಚ್ಚು ಹಾಕಿಸಿ.

ಮುಖ ನೋಡಿ ಹಾಜರಿ ಹಾಕುವ ಯಂತ್ರದ ಮಾತು ರಾಜ್ಯದಲ್ಲಿ ನಡೆದಿದೆ. ನನಗೆ ಅದು ಬೇಡ ಅನ್ನಿಸುತ್ತದೆ. ಯಾಕೆ ಅಂತ ರಾಣೆಬೆನ್ನೂರು ಕಡೆಯ ಉದಾಹರಣೆ ಕೊಡುತ್ತೇನೆ. ಅಲ್ಲಿ ಬೀಜೋತ್ಪಾದನೆ ಜೋರು. ಹತ್ತಿ ಹೂ ಬಿಡುವ ಹೊತ್ತಿಗೆ ಕ್ರಾಸಿಂಗ್ ಕೆಲಸ. ಸಂಜೆ ಮೊಗ್ಗಿನ ಗಂಡು ಭಾಗ ತೆಗೆಯುವುದು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವುದು. ಸಣ್ಣ ಬೆರಳಿದ್ದರೆ ಕೆಲಸ ಸಲೀಸು. ಕೆಲವು ಮಕ್ಕಳು ಶಾಲೆ ಪೂರ್ತಿ ತಪ್ಪಿಸುತ್ತಾರೆ. ಅವರು ಹಾಜರಿ ಪುಸ್ತಕದಲ್ಲೇ ಗೊತ್ತಾಗುತ್ತಾರೆ. ಇನ್ನು ಕೆಲವರು ಬೆಳಗಿನ ಕೆಲಸ ಮುಗಿಸಿ ಹನ್ನೊಂದಕ್ಕೆ ಬಂದು ಕೂಡುತ್ತಾರೆ. ಯಂತ್ರ ಅವರ ಮುಖ ನೋಡಿ ಹಾಜರು ಅನ್ನುತ್ತದೆ. ಬೆರಳ ತುದಿಯ ಹಳದಿ ಪುಡಿ ಗುರುಗಳಿಗೆ ಮಾತ್ರ ಕಾಣುತ್ತದೆ. ಎರಡನೇ ಅವಧಿಯಲ್ಲಿ ಬರುವ ನಿದ್ದೆಯೂ ಅಷ್ಟೇ.

ಯಂತ್ರ ಮಾಡಬಹುದಾದ ಕೆಲಸ ಬೇರೆ ಇದೆ. ಹಾಜರಿ ಹೇಗೂ ಮೇಲೆ ಹೋಗುತ್ತದಲ್ಲ. ಪ್ರತಿ ಶನಿವಾರ ಸಿಆರ್‌ಪಿ ಅವರ ಕೈಗೆ ಒಂದು ಚಿಕ್ಕ ಪಟ್ಟಿ ಬರಲಿ: ನಿಮ್ಮ ಕ್ಲಸ್ಟರಿನಲ್ಲಿ ಈ ವಾರ ಮೂರು ದಿನಕ್ಕಿಂತ ಹೆಚ್ಚು ಬಾರದ ಮಕ್ಕಳು ಇವರು. ಸೋಮವಾರ ಅವರು ಆ ಮನೆಗಳಿಗೆ ಹೋಗಲಿ. ನಮೂನೆ ಕೇಳುವ ಫೋನ್ ಕಡಿಮೆಯಾದರೆ ಅವರಿಗೂ ಹೋಗಲು ಪುರುಸೊತ್ತು ಸಿಗುತ್ತದೆ. ಮನೆಗೆ ಹೋಗುವುದೇ ಅವರ ನಿಜವಾದ ಕೆಲಸ, ಅವರಿಗೂ ಅದೇ ಇಷ್ಟ. ಎಷ್ಟೋ ಜನ ನನ್ನ ಹತ್ತಿರ ಹೇಳಿಕೊಂಡಿದ್ದಾರೆ.

ಕೊನೆಗೆ ನಮೂನೆಗಳ ಬಗ್ಗೆ ಒಂದು ಏರ್ಪಾಡು. ಜಿಲ್ಲಾ ಕಚೇರಿಯಲ್ಲಿ ಒಬ್ಬರನ್ನು ಬಾಗಿಲು ಕಾಯಲು ನೇಮಿಸಿ. ಯಾವ ಶಾಖೆಯವರೇ ಆಗಲಿ, ಶಾಲೆಗೆ ಹೊಸ ನಮೂನೆ ಕಳಿಸುವ ಮೊದಲು ಅವರಿಗೆ ತೋರಿಸಬೇಕು. ಅವರು ಸ್ಯಾಟ್ಸ್ ತೆಗೆದು ನೋಡಲಿ. ಅಲ್ಲಿ ಇದ್ದರೆ ಅವರೇ ತೆಗೆದುಕೊಡಲಿ. ಇಲ್ಲದ ಕಾಲಂ ಮಾತ್ರ ಶಾಲೆಗೆ ಬರಲಿ. ಎಂಟೂ ತಾಲೂಕಿನಲ್ಲಿ ಒಂದೇ ಸಲ ಶುರು ಮಾಡಬೇಕಿಲ್ಲ. ಈ ಜೂನ್‌ನಿಂದ ಒಂದು ಕ್ಲಸ್ಟರಿನಲ್ಲಿ ಮಾಡಿ, ದಸರಾ ರಜೆಗೆ ಗುರುಗಳನ್ನು ಕೂಡ್ರಿಸಿಕೊಂಡು ಏನಾಯಿತು ಅಂತ ಕೇಳಿ. ಅಧಿಕಾರಿಗಳು ಮಾತಾಡುವುದು ಕಡಿಮೆ ಇರಲಿ ಆ ಸಭೆಯಲ್ಲಿ. ಬೇಜಾರು ಮಾಡಿಕೊಳ್ಳಬೇಡಿ.

ಹೆಸರು ತಾಳೆ ನೋಡುವ ದಿನಕ್ಕೆ ನಾನೂ ಬರುತ್ತೇನೆ. ನಿವೃತ್ತರಾದ ಇನ್ನೂ ನಾಲ್ಕು ಜನ ಬರಲು ಒಪ್ಪಿದ್ದಾರೆ. ಸಂಬಳ ಬೇಡ, ಮಧ್ಯಾಹ್ನ ಮಕ್ಕಳ ಜೊತೆ ಊಟ ಹಾಕಿದರೆ ಸಾಕು.

ಈ ಪತ್ರವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿದ್ದೇನೆ. ಹುಡುಕಿದರೆ ಸಿಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಮುಖ್ಯೋಪಾಧ್ಯಾಯಿನಿ, ಹಾವೇರಿ ಜಿಲ್ಲೆ